ಸಂಪಾದಕನಿಗಾಗಿ ಒಂದು ಪ್ರಾರ್ಥನೆ

“ಮೊಸರು ಯಾರ ಹತ್ರ ಇದೆ? ಬಾಯಿ ಮೊಸರು?”

ಬರಹಗಾರರಿಂದ ತುಂಬಿ ಗಿಜಿಗುಡುತ್ತಿದ್ದ ಹಾಲ್‌ನಲ್ಲಿ ನಾನು ಆಡಿದ ಮೊದಲ ಮಾತು ಇದು. ಕೈಯಲ್ಲೊಂದು ಚೀಟಿ ಹಿಡಿದು, ಕುರ್ಚಿಗಳ ಸಾಲಿನ ನಡುವೆ ನುಸುಳುತ್ತ, ಕಂಡಕಂಡವರನ್ನೆಲ್ಲ ಕೇಳುತ್ತಿದ್ದೆ. ನನ್ನ ಚೀಟಿಯಲ್ಲಿ ‘ಕೈ ಕೆಸರಾದರೆ’ ಎಂದಿತ್ತು. ಗಾದೆಯ ಉಳಿದರ್ಧ ಯಾರ ಕೈಯಲ್ಲಿದೆಯೋ ಅವರೇ ಈ ಸಮ್ಮೇಳನ ಮುಗಿಯುವವರೆಗೆ ನನ್ನ ಪ್ರಾರ್ಥನೆಯ ಜೊತೆಗಾರರು.

ಕ್ರೈಸ್ತ ಬರಹಗಾರರ ಸಮ್ಮೇಳನಕ್ಕೆ ನಾನು ಬಂದದ್ದು ಅದೇ ಮೊದಲು. ಕರೆತಂದವಳು ನನ್ನ ಸೋದರತ್ತೆ. ಅವಳು ತಾಳ್ಮೆಯ ಬಗ್ಗೆ ಪದ್ಯ ಬರೆಯುತ್ತಾಳೆ. ಬಸ್ಸು ಸ್ವಲ್ಪ ತಡವಾದರೆ ಡ್ರೈವರನ ಏಳು ತಲೆಮಾರನ್ನು ವಿಚಾರಿಸಿಕೊಳ್ಳುತ್ತಾಳೆ. ಇಲ್ಲಿಯ ಕಟ್ಟಳೆಯನ್ನೆಲ್ಲ ಅವಳು ದಾರಿಯಲ್ಲೇ ನನ್ನ ತಲೆಗೆ ತುಂಬಿದ್ದಳು. ಮೊದಲ ಸಂಜೆ ಯಾರೂ ತಮ್ಮ ಕೆಲಸ ಏನೆಂದು ಹೇಳುವಂತಿಲ್ಲ. ಎದೆಗೆ ಬ್ಯಾಡ್ಜ್ ಇಲ್ಲ. ಒಂದು ವರ್ಷ ಸಂಪಾದಕರೊಬ್ಬರು ಬಂದಿದ್ದಾರೆಂದು ಗೊತ್ತಾದ ಕೂಡಲೇ ಜನ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿಕೊಂಡರಂತೆ. ಪಾಪ, ಅವರು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡರೆ ಬಾಗಿಲಿನ ಕೆಳಗಿನಿಂದ ಯಾರೋ ಹಸ್ತಪ್ರತಿ ತೂರಿಸಿದ್ದರಂತೆ. ಅಂದಿನಿಂದ ಮೊದಲ ಸಂಜೆ ಎಲ್ಲರೂ ಬರೀ ವಿಶ್ವಾಸಿಗಳು. ಸಂಪಾದಕ, ಕವಿ, ಪಾಸ್ಟರ್ ಎಲ್ಲ ಏನಿದ್ದರೂ ಮಾರನೆಯ ದಿನ ಬೆಳಿಗ್ಗೆ.

“ಮೊಸರು! ಯಾರ್ರೀ ಮೊಸರು?”

“ನಾನೇ ರೀ.”

ತಿರುಗಿ ನೋಡಿದೆ. ಉದ್ದಕ್ಕೆ, ತೆಳ್ಳಗೆ ಒಬ್ಬ ನಿಂತಿದ್ದ. ಕಾಲರ್‌ನ ಒಂದು ಮೂಲೆ ಮೇಲಕ್ಕೆ ಎದ್ದಿತ್ತು. ‘ಬಾಯಿ ಮೊಸರು’ ಎಂದು ಬರೆದ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಗು ತಡೆಯುತ್ತಿದ್ದ.

“ಆವಾಗಿನಿಂದ ನಿಮ್ಮ ಹಿಂದೇನೇ ಬರ್ತಾ ಇದ್ದೀನಿ. ನೀವು ತಿರುಗೇ ನೋಡಲ್ಲ.”

“ಮತ್ತೆ ಕರೆಯೋದಲ್ವಾ?”

“ಏನಂತ ಕರೀಲಿ? ‘ಕೆಸರೇ’ ಅಂತಾನಾ?”

ನನಗೆ ನಗು ಬಂದುಬಿಟ್ಟಿತು. ಅವನ ಕನ್ನಡಕ ಸೊಟ್ಟಗಿತ್ತು. ಬೇರೆಯವರು ಮುಖ ನೋಡಿದರೆ ನಾನು ಮೊದಲು ನೋಡುವುದು ಮೂಗಿನ ಮೇಲೆ ಕೂತದ್ದನ್ನು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳಿಗೆ ಇದೊಂದು ರೋಗ. ಬಲಗಡೆಯ ಕಡ್ಡಿ ಕೆಳಗೆ ಜಾರಿ, ಮನುಷ್ಯ ಸದಾ ಏನನ್ನೋ ಅನುಮಾನಿಸುತ್ತಿರುವ ಹಾಗೆ ಕಾಣುತ್ತಿದ್ದ.

ಪ್ರಾರ್ಥನೆಗೆ ಜಾಗ ಹುಡುಕಿದೆವು. ಎಲ್ಲ ಮೂಲೆಗಳಲ್ಲೂ ಆಗಲೇ ಜೋಡಿಗಳು ತಲೆ ಬಾಗಿಸಿ ಕೂತಿದ್ದವು. ಕೊನೆಗೆ ಮೆಟ್ಟಿಲ ಕೆಳಗೆ, ಮುರಿದ ಮೈಕ್ ಸ್ಟ್ಯಾಂಡುಗಳನ್ನು ರಾಶಿ ಹಾಕಿದ್ದ ಕಡೆ, ಎರಡು ಪ್ಲಾಸ್ಟಿಕ್ ಕುರ್ಚಿ ಸಿಕ್ಕವು. ಕೂತೆವು. ಮೊಣಕಾಲಿಗೆ ಮೊಣಕಾಲು ತಗುಲುವಷ್ಟು ಜಾಗ. ಇಬ್ಬರೂ ಕಾಲು ಹಿಂದಕ್ಕೆ ಎಳೆದುಕೊಂಡೆವು. ಮತ್ತೆ ತಗುಲಿತು.

“ಕ್ಷಮಿಸಿ, ಅದನ್ನ ಒಂದು ನಿಮಿಷ ಕೊಡಿ,” ಎಂದೆ.

“ಯಾವುದನ್ನ?”

ಕೇಳುವಷ್ಟರಲ್ಲಿ ಕನ್ನಡಕ ನನ್ನ ಕೈಯಲ್ಲಿತ್ತು. ಕಡ್ಡಿಯನ್ನು ಮೆಲ್ಲಗೆ ಬಗ್ಗಿಸಿದೆ, ಗಾಜನ್ನು ದುಪಟ್ಟಾದ ತುದಿಯಿಂದ ಒರೆಸಿದೆ. ತಲೆಯೆತ್ತಿದರೆ ಅವನು ನನ್ನನ್ನೇ ನೋಡುತ್ತಿದ್ದ. ಕನ್ನಡಕ ತೆಗೆದವರ ಕಣ್ಣನ್ನು ನಾನು ದಿನಾ ನೋಡುತ್ತೇನೆ. ಬರಿಗಣ್ಣಿನಲ್ಲಿ ಎಲ್ಲರೂ ಸ್ವಲ್ಪ ಪಾಪದವರಾಗಿ ಕಾಣುತ್ತಾರೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಅಂಗಡಿಯಲ್ಲಿ ಯಾರನ್ನು ನೋಡಿದಾಗಲೂ ನನ್ನ ಕೈ ಹೀಗೆ ತಡೆದು ನಿಂತಿರಲಿಲ್ಲ.

“ನಾನು ಕಾಣಿಸ್ತಾ ಇದ್ದೀನಾ?” ಅಭ್ಯಾಸಬಲದಿಂದ ಕೇಳಿದೆ.

“ಮಸುಕಾಗಿ. ನಗ್ತಾ ಇದ್ದೀರಿ ಅನ್ನೋದು ಮಾತ್ರ ಗೊತ್ತಾಗ್ತಿದೆ.”

ಕನ್ನಡಕವನ್ನು ನಾನೇ ಹಾಕಿದೆ. “ಈಗ?”

ನೋಡಿದ. ನೋಡುತ್ತಲೇ ಇದ್ದ. ಅವನ ಕಿವಿ ತುದಿಯಿಂದ ಕೆಂಪಾಗುತ್ತ ಬಂತು.

“ಈಗ ಸ್ಪಷ್ಟ,” ಎಂದ. “ನಿಮ್ಮ ಕೆಲಸ ಏನು ಅಂತಾನೂ ಸ್ಪಷ್ಟ. ರೂಲ್ಸ್ ಮುರಿದ್ರಿ.”

“ಗೊತ್ತಾಗಿಲ್ಲ ಅಂದುಕೊಳ್ಳಿ, ಮೊಸರು ಸಾರ್. ಹೇಳಿ, ನಿಮಗೋಸ್ಕರ ಏನಂತ ಪ್ರಾರ್ಥನೆ ಮಾಡಲಿ?”

ಅವನು ಗಂಭೀರನಾದ. ಬೆರಳುಗಳನ್ನು ಹೆಣೆದುಕೊಂಡು ನೆಲ ನೋಡಿದ. “ನಾಳೆ ಒಬ್ಬರಿಗೆ ಒಂದು ಸತ್ಯ ಹೇಳಬೇಕು. ಅವರಿಗೆ ನೋವಾಗುತ್ತೆ. ದೂರದಿಂದ ಹೇಳೋದಾದ್ರೆ ಹೇಗೋ ಹೇಳಿಬಿಡ್ತೀನಿ, ಎದುರಿಗೆ ಕೂತು ‘ಇಲ್ಲ’ ಅನ್ನೋಕೆ ನನಗೆ ಬರಲ್ಲ. ಪುಕ್ಕಲ ನಾನು.”

“ಅಷ್ಟೇನಾ? ಬಿಡಿ, ನನಗೆ ಬಿಡಿ,” ಎಂದು ತೋಳೇರಿಸಿದೆ. ಕಣ್ಣು ಮುಚ್ಚಿದೆ. ನಮ್ಮ ಚರ್ಚಿನ ಸಭೆಯಲ್ಲಿ ನನ್ನ ಪ್ರಾರ್ಥನೆಗೆ ಒಳ್ಳೆಯ ಹೆಸರಿದೆ, ಸ್ವರ ಗಟ್ಟಿ. “ಕರ್ತನೇ, ಈ ಸಹೋದರನ ಬೆನ್ನು ನೆಟ್ಟಗೆ ಮಾಡು. ನಾಳೆ ಆ ಮನುಷ್ಯ ಎದುರಿಗೆ ಕೂತು ಎಷ್ಟೇ ಅತ್ತು ಕರೆದರೂ ಇವರು ಕರಗಬಾರದು. ಮಾತು ನುಂಗಬಾರದು. ಇದ್ದದ್ದನ್ನ ಇದ್ದ ಹಾಗೆ ಹೇಳೋ ಬಾಯಿ ಕೊಡು. ಆಮೆನ್!”

“ಆಮೆನ್,” ಎಂದ ಅವನು. “ಒಳ್ಳೇ ಆರ್ಡರ್ ಕೊಟ್ಟ ಹಾಗಿತ್ತು. ಈಗ ನಿಮ್ಮದು?”

ನನ್ನದು! ಹೊರಟಾಗಿನಿಂದ ಎದೆಯೊಳಗೆ ಕುಣಿಯುತ್ತಿದ್ದದ್ದು ಅದೊಂದೇ. ಕುರ್ಚಿಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡೆ. ಈ ಸಲ ಮೊಣಕಾಲು ತಗುಲಿದ್ದು ನನಗೆ ಗೊತ್ತೇ ಆಗಲಿಲ್ಲ.

“ನಾಳೆ ಬೆಳಿಗ್ಗೆ ಒಬ್ಬ ಸಂಪಾದಕರ ಜೊತೆ ನನ್ನ ಭೇಟಿ ಇದೆ. ಕಾದಂಬರೀನ ಮೊದಲೇ ಕಳಿಸಿದ್ದೀನಿ. ‘ತಪ್ಪು ಸ್ವರ’ ಅಂತ ಹೆಸರು. ಕ್ವಾಯರ್‌ನಲ್ಲಿ ಹಾಡೋರಿಗೆ ಅಂಗಿ ಹೊಲಿಯೋಳು ಒಬ್ಬಳು, ಚರ್ಚಿನಲ್ಲಿ ಆರ್ಗನ್ನ ತಪ್ಪು ತಪ್ಪಾಗಿ ನುಡಿಸೋನು ಒಬ್ಬ. ಪ್ರೇಮ ಕಥೆ.”

ಅವನ ಮುಖದ ಬಣ್ಣ ಇಳಿಯಿತು. ಸೆಕೆಗೆ ಇರಬೇಕು ಅಂದುಕೊಂಡೆ.

“ಆ ಸಂಪಾದಕ ಮಹಾ ಕಲ್ಲಂತೆ ಕಣ್ರೀ. ಯಾರನ್ನೂ ಹೊಗಳೋದೇ ಇಲ್ಲವಂತೆ.”

“ಯಾರು ಹೇಳಿದ್ರು?”

“ಎಲ್ಲರೂ.”

“ಎಲ್ಲರೂನಾ?” ಅವನ ಧ್ವನಿ ಸಣ್ಣಗಾಯಿತು.

“ಹೂಂ. ಅದಕ್ಕೇ ನೀವು ಅವರ ಕಲ್ಲೆದೆ ಕರಗಲಿ ಅಂತ ಪ್ರಾರ್ಥನೆ ಮಾಡಬೇಕು. ಇದು ತಮಾಷೆ ಅಲ್ಲ. ಎಷ್ಟೋ ವರ್ಷದಿಂದ ಬೆಳಗಿನ ನಿದ್ದೆ ಬಿಟ್ಟು, ಅಂಗಡಿಗೆ ಹೋಗೋ ಮುಂಚೆ ಕೂತು ಬರೀತಿದ್ದೀನಿ. ಓದಿದವರೆಲ್ಲ ಚೆನ್ನಾಗಿದೆ, ಚೆನ್ನಾಗಿದೆ ಅಂತಾರೆ. ಅಚ್ಚು ಹಾಕೋರು ಯಾರೂ ಇಲ್ಲ. ಯಾಕೆ ಬೇಡ ಅಂತಾನೂ ಹೇಳಲ್ಲ. ಈ ಸಲಾನೂ ಆಗದೇ ಹೋದ್ರೆ ಬರೆಯೋದನ್ನೇ ಬಿಡ್ತೀನಿ. ಬೆಳಗಿನ ಜಾವ ಎಲ್ಲರ ಹಾಗೆ ಹೊದ್ದು ಮಲಗ್ತೀನಿ.”

ಜಾಣ ಓದುಗರಿಗೆ ಇಷ್ಟರಲ್ಲಿ ಎಲ್ಲ ಅರ್ಥವಾಗಿರುತ್ತದೆ. ಆ ಕಲ್ಲೆದೆಯ ಸಂಪಾದಕ ಯಾರು, ನಾಳೆ ‘ಇಲ್ಲ’ ಅನ್ನಿಸಿಕೊಳ್ಳುವವಳು ಯಾರು, ನಾನು ಯಾರ ಕಾಲಿಗೆ ಕೊಡಲಿ ಹಾಕಿದೆ ಎಲ್ಲ. ಅರ್ಥವಾಗದೆ ಉಳಿದವಳು ಆ ಮೆಟ್ಟಿಲ ಕೆಳಗೆ ಕಣ್ಣು ಮುಚ್ಚಿ ಕೂತಿದ್ದ ನಾನೊಬ್ಬಳೇ.

ಅವನು ಗಂಟಲು ಸರಿಮಾಡಿಕೊಂಡ.

“ಕರ್ತನೇ... ಆ ಸಂಪಾದಕ... ಅವನು ಅಷ್ಟೇನೂ ಕೆಟ್ಟವನಲ್ಲ.”

ನಾನು ಒಂದು ಕಣ್ಣು ತೆರೆದೆ. “ಪ್ರಾರ್ಥನೇಲಿ ವಕಾಲತ್ತು ಬೇಡ,” ಎಂದು ಪಿಸುಗುಟ್ಟಿದೆ.

ಅವನೂ ಒಂದು ಕಣ್ಣು ತೆರೆದ. ಇಬ್ಬರೂ ಒಟ್ಟಿಗೆ ಮುಚ್ಚಿದೆವು.

“ಅವನ ಹೃದಯ ಮೆತ್ತಗೆ ಮಾಡು, ಕರ್ತನೇ. ಆದರೆ ಅವನ ಕಣ್ಣಿಗೆ ಮಂಕು ಕವಿಯೋದು ಬೇಡ. ಈ ಸಹೋದರಿ ಬರೆಯೋದನ್ನ ಬಿಡದ ಹಾಗೆ ನೋಡ್ಕೋ. ನಾಳೆ ಏನೇ ಆದರೂ... ಏನೇ ಆದರೂ ಬಿಡದ ಹಾಗೆ.”

ಕೊನೆಯ ಮಾತಿನಲ್ಲಿ ಅವನ ಧ್ವನಿ ನಡುಗಿತು. ನನ್ನ ಜ್ವರಕ್ಕೆ, ನನಗೆ ಮದುವೆಯಾಗಲೆಂದು, ನನ್ನ ಸಿಟ್ಟು ಕಡಿಮೆಯಾಗಲೆಂದು ಎಷ್ಟೋ ಜನ ಪ್ರಾರ್ಥಿಸಿದ್ದಾರೆ. ನನ್ನ ಬರವಣಿಗೆಗೆಂದು ಯಾರೂ ಹೀಗೆ ಕೇಳಿಕೊಂಡಿರಲಿಲ್ಲ. ಆಮೆನ್ ಅನ್ನುವುದಕ್ಕೂ ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಊಟದ ಹಾಲ್‌ನಲ್ಲಿ ಅತ್ತೆಯ ಪಕ್ಕ ಕೂತು ನಾನು ಒಂದೇ ಸಮನೆ ಮಾತಾಡುತ್ತಿದ್ದೆ. ಅವನು ಎಷ್ಟು ಚೆನ್ನಾಗಿ ಪ್ರಾರ್ಥಿಸುತ್ತಾನೆ, ಕಿವಿ ಹೇಗೆ ಕೆಂಪಾಗುತ್ತದೆ, ನಗು ಬಂದರೆ ಮೂಗನ್ನು ಹೇಗೆ ಹಿಡಿದುಕೊಳ್ಳುತ್ತಾನೆ.

“ಪ್ರಾರ್ಥನೆ ಮಾಡೋವಾಗ ಕಣ್ಣು ಮುಚ್ಚಿಕೊಂಡಿದ್ಯೋ ಇಲ್ವೋ?” ಎಂದಳು ಅತ್ತೆ.

“ಮುಚ್ಚಿದ್ದೆ ಅತ್ತೆ.”

“ಮತ್ತೆ ಇಷ್ಟೆಲ್ಲ ಹೆಂಗೆ ಕಾಣಿಸ್ತು?”

ಅವನು ಆಚೆಯ ಮೇಜಿನಲ್ಲಿದ್ದ. ನೀರಿನ ಜಗ್ ಇದ್ದದ್ದು ನಮ್ಮ ಮೇಜಿನಲ್ಲಿ. ಲೋಟ ಹಿಡಿದು ಬಂದ, ಹೋದ. ಮತ್ತೆ ಬಂದ. ಪ್ರತಿ ಸಲವೂ ಏನೋ ಹೇಳಲು ಬಾಯಿ ತೆರೆದು, ಅತ್ತೆಯ ಮುಖ ನೋಡಿ, ನೀರು ತುಂಬಿಸಿಕೊಂಡು ವಾಪಸ್ಸಾದ.

“ಪಾಪ, ಏನು ಬಾಯಾರಿಕೆನೇ ಆ ಮನುಷ್ಯನಿಗೆ!” ಎಂದಳು ಅತ್ತೆ, ಅವನಿಗೆ ಕೇಳುವ ಹಾಗೆ.

ಕೈ ತೊಳೆಯುವಲ್ಲಿ ಅವನು ನನ್ನನ್ನು ತಡೆದ. “ಕೆಸರು ಮೇಡಂ, ನಾನು ನಿಮಗೊಂದು ವಿಷಯ ಹೇಳಲೇಬೇಕು. ನಾನು ಮಾಡೋ ಕೆಲಸ...”

ಟಿಣ್ ಟಿಣ್ ಟಿಣ್! ಹಿಂದೆ ಗಂಟೆ ಟೀಚರ್ ನಿಂತಿದ್ದರು. ನಿವೃತ್ತ ಶಿಕ್ಷಕಿ, ಈ ಸಮ್ಮೇಳನದ ಮೇಲ್ವಿಚಾರಣೆಯೆಲ್ಲ ಅವರದೇ. ಶಾಲೆ ಬಿಟ್ಟರೂ ಕೈಗಂಟೆ ಬಿಟ್ಟಿರಲಿಲ್ಲ. “ಕೆಲಸದ ಮಾತು ನಾಳೆ! ಇವತ್ತು ಬೇಡ!” ಎಂದು ಅವನ ಕಿವಿಯ ಪಕ್ಕದಲ್ಲೇ ಇನ್ನೊಮ್ಮೆ ಬಾರಿಸಿದರು.

ಅವನು ಸೋತ ಮುಖ ಮಾಡಿದ. “ಸರಿ. ನಾಳೆ ಬೇಜಾರಾದ್ರೆ ತಕ್ಷಣ ಏನೂ ನಿರ್ಧಾರ ಮಾಡಬೇಡಿ. ಇಷ್ಟು ಮಾತು ಕೊಡಿ.”

“ಬೇಜಾರು ಯಾಕ್ರೀ ಆಗುತ್ತೆ? ನಾಳೆ ನಾನು ಕುಣೀತೀನಿ, ನೋಡ್ತಾ ಇರಿ,” ಎಂದೆ. ಎಂಥ ಒಳ್ಳೆಯವನು, ನನ್ನ ಬಗ್ಗೆ ಎಷ್ಟು ಕಾಳಜಿ ಎಂದು ಹಿಗ್ಗುತ್ತ ರೂಮಿಗೆ ಬಂದೆ.

ಬೆಳಿಗ್ಗೆ ಬ್ಯಾಡ್ಜ್ ಕೊಟ್ಟರು. ಇದ್ದ ಸೀರೆಗಳಲ್ಲಿ ಒಳ್ಳೆಯದನ್ನು ಉಟ್ಟುಕೊಂಡು, ಅತ್ತೆಯಿಂದ ಎರಡು ಸಲ ನೆರಿಗೆ ಸರಿಮಾಡಿಸಿಕೊಂಡು ಲೈಬ್ರರಿಗೆ ಹೋದೆ. ಸಂಪಾದಕರ ಮೇಜುಗಳನ್ನು ಅಲ್ಲಿ ಹಾಕಿದ್ದರು. ನನಗೆ ಹೇಳಿದ್ದು ಕಿಟಕಿಯ ಪಕ್ಕದ ಮೇಜು. ಅಲ್ಲಿ ಬೆನ್ನು ಮಾಡಿ ಒಬ್ಬ ಕೂತಿದ್ದ. ಮುಂದೆ ನನ್ನ ಕಾದಂಬರಿಯ ದಪ್ಪ ಕಟ್ಟು. ಕಾಲರ್‌ನ ಒಂದು ಮೂಲೆ ಮೇಲಕ್ಕೆ ಎದ್ದಿತ್ತು.

“ರೀ, ಮೊಸರು ಸಾರ್! ಏಳಿ, ಏಳಿ. ಇದು ನನ್ನ ಸಂಪಾದಕರ ಮೇಜು. ಬಂದ್ರೆ ಬಯ್ತಾರೆ.”

ಅವನು ತಿರುಗಿದ. ಎದೆಯ ಮೇಲೆ ಬ್ಯಾಡ್ಜ್. ಅದರಲ್ಲಿ ದಪ್ಪ ಅಕ್ಷರದಲ್ಲಿ ‘ಸಂಪಾದಕ’ ಎಂದಿತ್ತು.

ಓದಿದೆ. ಇನ್ನೊಮ್ಮೆ ಓದಿದೆ. ದಿನಾ ಬೆಳಗಾದರೆ ಬೇರೆಯವರಿಗೆ ಅಕ್ಷರ ಓದಿಸುವ ನನಗೆ ಆ ನಾಲ್ಕಕ್ಷರ ತಲೆಗೆ ಹೋಗಲು ಅಷ್ಟು ಹೊತ್ತು ಹಿಡಿಯಿತು. ಆಮೇಲೆ ಒಮ್ಮೆಗೇ ಎಲ್ಲ ಹೊಳೆಯಿತು. ಕಲ್ಲೆದೆ. ಕರಗಬಾರದು. ಮಾತು ನುಂಗಬಾರದು. ಅಯ್ಯೋ ದೇವರೇ, ಎದುರಿಗೆ ಕೂತು ಅತ್ತು ಕರೆಯುವ ಆ ಮನುಷ್ಯ ನಾನೇ!

“ನೀವಾ?”

“ಕೂತ್ಕೊಳ್ಳಿ, ಪ್ಲೀಸ್.”

“ಪ್ರಾರ್ಥನೇಲೇ ಮೋಸ ಮಾಡಿದ್ರಲ್ರೀ!”

“ಮೋಸ ಅಲ್ಲ. ರೂಲ್ಸ್ ಇತ್ತು. ಹೇಳೋಕೆ ಬಂದೆ, ಗಂಟೆ ಬಾರಿಸಿದ್ರು. ನಾನು ನಿಮಗೋಸ್ಕರ ಕೇಳಿಕೊಂಡದ್ದರಲ್ಲಿ ಒಂದು ಮಾತೂ ಸುಳ್ಳಲ್ಲ.” ಅವನ ಕೈ ಕಟ್ಟಿನ ಮೇಲಿತ್ತು. “ಬೆಳಿಗ್ಗೆ ಎದ್ದು ಮತ್ತೆ ಓದಿದೆ. ಹೇಗಾದ್ರೂ ಮಾಡಿ ‘ತಗೋತೀವಿ’ ಅನ್ನೋಕೆ ಒಂದು ದಾರಿ ಸಿಗುತ್ತಾ ಅಂತ ನೋಡಿದೆ. ಸಿಗಲಿಲ್ಲ. ಈಗಿರೋ ಹಾಗೆ ಈ ಪುಸ್ತಕ ತಗೊಳ್ಳೋಕೆ ಆಗಲ್ಲ.”

ಕೂತೆ.

“ಯಾಕೆ?”

“ಮೊದಲರ್ಧ ಓದ್ತಾ ಒಬ್ಬನೇ ನಕ್ಕಿದ್ದೀನಿ. ಜೀವ ಇದೆ ಅದರಲ್ಲಿ. ಆದರೆ ಅವರಿಬ್ಬರಿಗೂ ಪ್ರೀತಿ ಹುಟ್ಟಿದ ಕೂಡಲೇ ನೀವು ಹೆದರಿಕೊಳ್ತೀರಿ. ಅವಳು ಅವನ ಹತ್ರ ಏನೋ ಹೇಳೋಕೆ ಹೋಗ್ತಾಳೆ, ಅಷ್ಟರಲ್ಲಿ ಪಾಸ್ಟರ್ ಬರ್ತಾರೆ. ಇನ್ನೊಂದು ಸಲ ಹೋಗ್ತಾಳೆ, ಬಿರುಗಾಳಿ ಬರುತ್ತೆ. ಮತ್ತೆ ಹೋಗ್ತಾಳೆ, ಅವಳ ತಾಯಿಗೆ ಜ್ವರ. ಕೊನೆಗೆ ಅವರಿಬ್ಬರೂ ಮದುವೆ ಆಗೋದು ಪಾಸ್ಟರ್ ಮಾಡಿದ ಒಂದು ಪ್ರಸಂಗ ಕೇಳಿ. ಆ ಪ್ರಸಂಗಾನೂ ಪೂರ್ತಿ ಬರೆದಿದ್ದೀರಿ. ಅವಳು ‘ನಿನ್ನ ಕಂಡರೆ ನಂಗೆ ಪ್ರೀತಿ’ ಅಂತ ಒಂದು ಸಲಾನೂ ಬಾಯಿ ಬಿಟ್ಟು ಹೇಳೋದೇ ಇಲ್ಲ.”

“ಅದು... ಅದು ಮರ್ಯಾದೆ.”

“ಅಲ್ಲ. ಅದು ನಿಮ್ಮ ಭಯ.”

ನನಗೆ ರೇಗಿತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಸೀರೆ ಉಟ್ಟಿರದಿದ್ದರೆ ನಾನೂ ಒದೆಯುತ್ತಿದ್ದೆನೇನೋ. “ಚೆನ್ನಾಗಿ ಬಂದಿದೆ ಧೈರ್ಯ,” ಎಂದೆ. “ನನ್ನ ಪ್ರಾರ್ಥನೆ ದೇವರಿಗೆ ಎಷ್ಟು ಬೇಗ ಮುಟ್ಟಿತು ನೋಡಿ. ನಾನು ಬರೆಯೋದು ಬಿಡ್ತೀನಿ ಅಂತ ಗೊತ್ತಿದ್ದೂ ಹೇಳಿದ್ರಿ.”

“ಗೊತ್ತಿದ್ದೂ ಹೇಳಿದೆ. ಸುಳ್ಳು ಹೇಳಿ ನಿಮ್ಮನ್ನ ಉಳಿಸಿಕೊಳ್ಳೋದು ನನಗೆ ಬೇಕಿರಲಿಲ್ಲ.”

ಗಂಟೆ ಹೊಡೆಯಿತು. ಮುಂದಿನವರು ಫೈಲು ಎದೆಗವಚಿಕೊಂಡು ಬಂದು ನಿಂತರು. ನನ್ನ ಕಟ್ಟನ್ನು ಎತ್ತಿಕೊಂಡು, ಕುರ್ಚಿಗೆ ಡಿಕ್ಕಿ ಹೊಡೆದು, ಹೊರಗೆ ಬಂದೆ.

ರೂಮಿನಲ್ಲಿ ಅತ್ತೆ ಬಟ್ಟೆ ಮಡಚುತ್ತಿದ್ದಳು. ಬಾಗಿಲು ದಡಾರನೆ ಹಾಕಿ ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮೋಸಗಾರ, ಕಲ್ಲು, ಕನ್ನಡಕ ಸರಿ ಮಾಡಿದ್ದೇ ತಪ್ಪಾಯಿತು, ಇನ್ನು ಪೆನ್ನು ಮುಟ್ಟಿದರೆ ಕೇಳು. ಅತ್ತೆ ಮಡಚುವುದನ್ನು ನಿಲ್ಲಿಸಲಿಲ್ಲ.

“ಅವನು ಹೇಳಿದ್ದು ಸುಳ್ಳಾ?” ಎಂದಳು.

“ಏನು?”

“ಪಾಸ್ಟರು, ಬಿರುಗಾಳಿ, ಜ್ವರ. ನಾನೂ ಓದಿದ್ದೀನಲ್ಲ. ಆ ಜ್ವರ ಬಂದಾಗ ನನಗೆ ಪುಸ್ತಕ ಎತ್ತಿ ಎಸೆಯೋಣ ಅನ್ನಿಸಿತ್ತು ಕಣೇ. ಹೇಳೇ ಹುಡುಗಿ, ಹೇಳೇ ಅಂತ ನಾನಿಲ್ಲಿ ಬಡಕೊಳ್ತಿದ್ರೆ ಅವಳು ಅಮ್ಮನ ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಕೂತಿದ್ದಾಳೆ!”

“ಮತ್ತೆ ಚೆನ್ನಾಗಿದೆ ಅಂದ್ಯಲ್ಲ ಅತ್ತೆ?”

ಅತ್ತೆ ಮಂಚದ ಅಂಚಿಗೆ ಕೂತಳು. “ನಿನ್ನ ಮುಖ ನೋಡಿ ಹಂಗಂದೆ. ಎಲ್ಲರೂ ಹಂಗೇ ಅಂದಿರ್ತಾರೆ. ನಿನ್ನ ಮುಖ ನೋಡಿದ ಮೇಲೂ ನಿಜ ಹೇಳೋಕೆ ಗುಂಡಿಗೆ ಬೇಕು. ಆ ಹುಡುಗನ ಕಣ್ಣು ನಿನ್ನೆ ಊಟದಲ್ಲಿ ಎಲ್ಲಿತ್ತು ಅಂತ ನಾನು ನೋಡಿಲ್ವಾ? ನಿನ್ನನ್ನ ಖುಷಿಪಡಿಸೋದು ಅವನಿಗೆ ಎಷ್ಟು ಸುಲಭ ಇತ್ತು! ಒಂದು ‘ಹೂಂ’ ಅಂದಿದ್ರೆ ಸಾಕಿತ್ತು.”

ಕಾದಂಬರಿಯ ಕಟ್ಟು ತೊಡೆಯ ಮೇಲಿತ್ತು. ಬಿಚ್ಚಿ, ಆ ಬಿರುಗಾಳಿಯ ಪುಟ ತೆಗೆದು ಓದಿದೆ. ಯಾರೋ ಬೇರೆಯವರು ಬರೆದದ್ದನ್ನು ಓದುವ ಹಾಗೆ ಓದಿದೆ. ನಾಚಿಕೆಯಿಂದ ಕೆನ್ನೆ ಬಿಸಿಯಾಯಿತು. ಅವಳು ಬಾಗಿಲ ಹತ್ತಿರ ನಿಂತಿದ್ದಾಳೆ, ಅವನು ಆರ್ಗನ್ನಿನ ಮುಂದೆ ಕೂತಿದ್ದಾನೆ, ಮಾತು ನಾಲಿಗೆಯ ತುದಿಯವರೆಗೆ ಬಂದಿದೆ. ಅಲ್ಲಿ ನಾನು ಗಾಳಿ ಬೀಸಿಸಿದ್ದೆ! ಯಾಕೆಂದರೆ ಆ ಮಾತು ಬಂದ ಮೇಲೆ ಏನಾಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ನಾನು ಆ ಮಾತನ್ನು ಯಾರಿಗೂ ಹೇಳಿದವಳಲ್ಲ.

ಎದ್ದೆ. ಖಾಲಿ ಬಿದ್ದಿದ್ದ ಒಂದು ತರಗತಿ ಕೋಣೆ ಹುಡುಕಿ ಒಳಗೆ ಹೋಗಿ ಕೂತೆ. ಹಾಳೆ ಇರಲಿಲ್ಲ, ಹಸ್ತಪ್ರತಿಯಲ್ಲಿದ್ದ ಪಾಸ್ಟರರ ಆ ಪ್ರಸಂಗದ ಪುಟಗಳನ್ನೇ ಕಿತ್ತು, ಹಿಂಬದಿಯಲ್ಲಿ ಬರೆಯಲು ಮಗುಚಿ ಹಾಕಿದೆ. ಬಿರುಗಾಳಿಯನ್ನು ಹೊಡೆದುಹಾಕಿದೆ. ಅವಳನ್ನು ಬಾಗಿಲಿನಿಂದ ಒಳಗೆ ನಡೆಸಿದೆ. ಅವನು ತಿರುಗಿ ನೋಡಿದ. ಅವಳು ಬಾಯಿ ತೆರೆದಳು.

ಪೆನ್ನು ಓಡಿದ ರಭಸ ಏನು ಹೇಳಲಿ! ಕೈ ನೋಯುತ್ತಿತ್ತು, ನಿಲ್ಲಿಸಲು ಮನಸ್ಸಿರಲಿಲ್ಲ. ಊಟದ ಗಂಟೆ ಹೊಡೆದದ್ದು ಕೇಳಿಸಿತು, ಹೋಗಲಿಲ್ಲ. ಅವಳು ಮಾತಾಡಿದಳು, ತಡವರಿಸಿದಳು, ಮತ್ತೆ ಮಾತಾಡಿದಳು. ಅವನು ಅತ್ತ. ಅವನು ಅಳುತ್ತಾನೆಂದು ನನಗೆ ಬರೆಯುವವರೆಗೂ ತಿಳಿದಿರಲಿಲ್ಲ. ಒಬ್ಬಳೇ ಕೂತು ನಾನು ಜೋರಾಗಿ ನಕ್ಕೆ. ಬರೆಯುವುದನ್ನು ಬಿಡುತ್ತಾಳಂತೆ ಇವಳು! ಬಿಟ್ಟರೆ ಉಸಿರು ಎಲ್ಲಿಂದ ಬರುತ್ತದೆ?

ಹೊರಗೆ ವ್ಯಾನುಗಳ ಸದ್ದು ಕೇಳಿದಾಗಲೇ ಎಚ್ಚರವಾದದ್ದು. ಎರಡು ದಿನದ ಸಮ್ಮೇಳನ ಮುಗಿದಿತ್ತು. ಹಾಳೆಗಳನ್ನು ಬಾಚಿಕೊಂಡು ಓಡಿದೆ.

ಅಂಗಳದಲ್ಲಿ ಬ್ಯಾಗುಗಳ ರಾಶಿ, ಕೈ ಕುಲುಕುವವರು, ಫೋಟೋ ತೆಗೆಸಿಕೊಳ್ಳುವವರು. ಅವನು ಗೇಟಿನ ಹತ್ತಿರ, ಹೆಗಲಿಗೆ ಚೀಲ ಹಾಕಿಕೊಂಡು, ಪ್ರತಿಯೊಬ್ಬರ ಮುಖವನ್ನೂ ನೋಡುತ್ತ ನಿಂತಿದ್ದ. ನನ್ನನ್ನು ಕಂಡಕೂಡಲೇ ಚೀಲ ಕೆಳಗಿಟ್ಟ. ಹತ್ತಿರ ಹೋದಾಗ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ಬರೆದೆ,” ಎಂದು ಹಾಳೆಗಳನ್ನು ಚಾಚಿದೆ. “ಅವಳು ಹೇಳಿಬಿಟ್ಟಳು. ನೋಡಿ.”

ಅವನ ಮುಖ ಅರಳಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆದರೆ ಕೈ ಚಾಚಿದವನು ಹಾಗೇ ಹಿಂದಕ್ಕೆ ಎಳೆದುಕೊಂಡ.

“ನಾನು ಓದೋ ಹಾಗಿಲ್ಲ.”

“ಇನ್ನೂ ಏನ್ರೀ ತಪ್ಪಾಯ್ತು?”

“ಪೂರ್ತಿ ಆದ ಮೇಲೆ ನಮ್ಮ ಹಿರಿಯ ಸಂಪಾದಕಿಗೆ ಕಳಿಸಿ. ನಾನು ಆಗಲೇ ಅವರಿಗೆ ಫೋನ್ ಮಾಡಿ ಹೇಳಿದ್ದೀನಿ. ಇನ್ಮೇಲೆ ನಿಮ್ಮ ಪುಸ್ತಕದ ಬಗ್ಗೆ ಹೌದು, ಅಲ್ಲ ಅನ್ನೋ ಹಕ್ಕು ನನಗಿಲ್ಲ. ನಾನು...” ಅವನು ಕನ್ನಡಕ ಮೇಲಕ್ಕೆ ತಳ್ಳಿದ. “ನಾನು ಪಕ್ಷಪಾತಿ ಆಗಿಬಿಟ್ಟಿದ್ದೀನಿ.”

ಪಕ್ಷಪಾತಿ! ಎಷ್ಟೋ ಪ್ರೇಮ ಕಥೆ ಓದಿದ್ದೇನೆ, ಒಂದನ್ನು ಬರೆದೂ ಇದ್ದೇನೆ. ಅಷ್ಟು ಒಣ ಪದ ಕೇಳಿ ಯಾವ ನಾಯಕಿಯ ಎದೆಯೂ ಹಾಗೆ ಹಾರಿದ್ದಿಲ್ಲ.

“ಯಾರ ಪಕ್ಷ?” ಎಂದೆ.

ಅವನು ಬಾಯಿ ತೆರೆದ. ಮುಚ್ಚಿದ. ಎದುರಿಗೆ ನಿಂತು ‘ಇಲ್ಲ’ ಅನ್ನಲು ಕಲಿತವನಿಗೆ ‘ಹೌದು’ ಅನ್ನಲು ಬರುತ್ತಿರಲಿಲ್ಲ. ಸರಿ, ಇದು ನನ್ನ ಪಾಲಿನದು ಎಂದುಕೊಂಡೆ.

“ನೋಡಿ, ನಾನು...”

“ಬಾರೇ, ಸೀಟು ಹೋಗುತ್ತೆ!” ವ್ಯಾನಿನ ಕಿಟಕಿಯಿಂದ ಅತ್ತೆ ಕೂಗಿದಳು.

“ಬಂದೆ ಅತ್ತೆ! ನೋಡಿ, ನಿನ್ನೆಯಿಂದ ನನಗೆ...”

ಡ್ರೈವರ್ ಹಾರ್ನ್ ಒತ್ತಿ ಹಿಡಿದ.

“ನಿಮ್ಮನ್ನ ಕಂಡರೆ...”

ಟಿಣ್ ಟಿಣ್ ಟಿಣ್ ಟಿಣ್! ಗಂಟೆ ಟೀಚರ್ ನಮ್ಮ ಪಕ್ಕದಲ್ಲೇ ಬಂದು ನಿಂತು ಬಾರಿಸತೊಡಗಿದರು. “ಎಲ್ಲರೂ ವ್ಯಾನ್ ಹತ್ತಿ! ಬೇಗ, ಬೇಗ!”

ಅವನು ಮೂಗು ಹಿಡಿದುಕೊಂಡು ನಗು ತಡೆಯುತ್ತಿದ್ದ. ನನಗೆ ಅರ್ಥವಾಯಿತು. ಪಾಸ್ಟರು, ಬಿರುಗಾಳಿ, ಜ್ವರ ಎಲ್ಲ ಸಾಲಾಗಿ ಬಂದು ನಿಂತಿದ್ದವು. ಹಳೆಯ ನಾನಾಗಿದ್ದರೆ ಹಾಳೆ ಮಡಚಿಕೊಂಡು ಹೋಗಿ ಸೀಟು ಹಿಡಿಯುತ್ತಿದ್ದೆ.

“ನಿಮ್ಮನ್ನ ಕಂಡರೆ ನಂಗೆ ಪ್ರೀತಿ!” ಎಂದು ಕೂಗಿದೆ. “ಪುಸ್ತಕ ತಗೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ!”

ಕೂಗುವ ಹೊತ್ತಿಗೆ ಸರಿಯಾಗಿ ಗಂಟೆ ನಿಂತಿತ್ತು. ಹಾರ್ನ್ ಕೂಡ ನಿಂತಿತ್ತು. ಸಭೆಯಲ್ಲಿ ಒಳ್ಳೆಯ ಹೆಸರು ತಂದುಕೊಟ್ಟ ನನ್ನ ಗಟ್ಟಿ ಸ್ವರ ಅಂಗಳದ ಆ ತುದಿಗೂ ಹೋಗಿ ಮುಟ್ಟಿತು. ಕೈ ಕುಲುಕುತ್ತಿದ್ದವರು ಹಾಗೇ ನಿಂತರು. ಯಾರೋ ಒಬ್ಬರು ಅಭ್ಯಾಸಬಲದಿಂದ “ಆಮೆನ್” ಎಂದರು.

“ನೋಡ್ರಪ್ಪ, ಅದು ನಮ್ಮ ಅಣ್ಣನ ಮಗಳು!” ಎಂದಳು ಅತ್ತೆ ಕಿಟಕಿಯಿಂದ, ತಾನೇ ಬಹುಮಾನ ಗೆದ್ದವಳ ಹಾಗೆ.

ಅವನ ಕಿವಿ ಮಾತ್ರವಲ್ಲ, ಕತ್ತೂ ಕೆಂಪಾಗಿತ್ತು. “ನನಗೂ,” ಎಂದ. ಇನ್ನೂ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, “ನನಗೂ!” ಎಂದ. ಆಮೇಲೆ ನನಗೊಬ್ಬಳಿಗೇ ಕೇಳುವ ಹಾಗೆ ಬಗ್ಗಿ, “ನಂಗೆ ನಿನ್ನೆ ಶುರುವಾಗಿದ್ದಲ್ಲ. ಹೋದ ವಾರ ಆಫೀಸಿಂದ ಮನೆಗೆ ಹೋಗ್ತಾ ಬಸ್ಸಲ್ಲಿ ನಿಮ್ಮ ಪುಸ್ತಕ ಓದ್ತಿದ್ದೆ. ಇಳಿಯೋ ಸ್ಟಾಪ್ ದಾಟಿಹೋದದ್ದೇ ಗೊತ್ತಾಗಲಿಲ್ಲ. ಕೊನೇ ಸ್ಟಾಪಿಂದ ನಡ್ಕೊಂಡು ಬಂದೆ,” ಎಂದ.

“ಯಾವ ಪುಟ?” ಎಂದೆ ತಟ್ಟನೆ. ಏನು ಮಾಡಲಿ, ಪ್ರೀತಿ ಎಷ್ಟೇ ಇದ್ದರೂ ಬರೆದವಳ ಬುದ್ಧಿ ಎಲ್ಲಿ ಹೋಗುತ್ತದೆ?

ಅವನು ನಗಲಿಲ್ಲ. ಹಾಳೆ ನೋಡಲಿಲ್ಲ. ನನ್ನ ಕಣ್ಣನ್ನೇ ನೋಡುತ್ತ, ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡವನ ಹಾಗೆ, ನಿಧಾನವಾಗಿ ಹೇಳಿದ.

“‘ಅವನು ತಪ್ಪು ನುಡಿಸಿದ ದಿನ ಮಾತ್ರ, ತನಗೊಬ್ಬಳಿಗೇ ನುಡಿಸುತ್ತಿದ್ದಾನೆ ಎಂದು ಅವಳಿಗೆ ಅನ್ನಿಸುತ್ತಿತ್ತು, ಸರಿಯಾಗಿ ನುಡಿಸಿದರೆ, ಅದು ಎಲ್ಲರದೂ ಆಗಿಬಿಡುತ್ತಿತ್ತು.’”

ಒಂದು ಚಳಿಗಾಲದ ಬೆಳಿಗ್ಗೆ, ಮನೆಯಲ್ಲಿ ಎಲ್ಲರೂ ಮಲಗಿದ್ದಾಗ, ಕಾಲಿಗೆ ಕಂಬಳಿ ಸುತ್ತಿಕೊಂಡು ಬರೆದ ವಾಕ್ಯ ಅದು. ಬರೆದು, ಇದನ್ನು ಯಾರಾದರೂ ಓದುತ್ತಾರಾ ಎಂದು ನನ್ನನ್ನೇ ಕೇಳಿಕೊಂಡಿದ್ದೆ. ಈಗ ಅದು ಇನ್ನೊಬ್ಬರ ಬಾಯಿಂದ ನನಗೇ ಕೇಳಿಸುತ್ತಿತ್ತು. ನಾನು ಅಲ್ಪವಿರಾಮ ಇಟ್ಟ ಕಡೆಯಲ್ಲೇ ಅವನು ಉಸಿರು ತೆಗೆದುಕೊಂಡ.

ಕಣ್ಣು ತುಂಬಿ ಅವನು ಮಸುಕಾದ. ನಾನು ಕೈ ಚಾಚಿ ಅವನ ಕೈ ಹಿಡಿದುಕೊಂಡೆ.

“ಇನ್ನೊಂದು ಸಲ ಹೇಳಿ,” ಎಂದೆ.